ಆದವಾನಿಯ ವಾರಪತ್ರಿಕೆಗೆ ಹೊಸ ಅಂಗಿ

ಊರಿನ ಸುದ್ದಿಯನ್ನು ಅಚ್ಚು ಹಾಕುವ ಜಾಗದಲ್ಲೇ ಊರಿಗಿಂತ ಹೆಚ್ಚು ಸುದ್ದಿ ನಡೆಯುತ್ತದೆ. ಅದನ್ನು ಅಚ್ಚು ಹಾಕುವವರು ಯಾರೂ ಇಲ್ಲವಾದ್ದರಿಂದ ಅದು ನಡೆಯುತ್ತಲೇ ಇರುತ್ತದೆ.

ಇದು ಜರ್ಮನಿಯ ಲಡಾಯಿ ಶುರುವಾಗುವುದಕ್ಕೆ ಮುಂಚಿನ ಮಾತು. ಆಗ ನಾನು ಆದವಾನಿಯ ಒಂದು ಕನ್ನಡ ವಾರಪತ್ರಿಕೆಯ ಸಂಪಾದಕ. ಮಾಲೀಕರು ಹತ್ತಿ ವ್ಯಾಪಾರದ ಸಾವುಕಾರರು. ಅವರು ಅಚ್ಚಿನ ಮಷೀನು ತರಿಸಿದ್ದು ಹತ್ತಿ ಒತ್ತಿ ಕಟ್ಟಿದ ಅಂಡಿಗೆಗಳಿಗೆ ಅಂಟಿಸುವ ಚೀಟಿ ಹೊಡೆಯಲಿಕ್ಕೆ. ಚೀಟಿಯ ಕೆಲಸವಿಲ್ಲದ ದಿನ ಮಷೀನು ಸುಮ್ಮನೆ ಕೂತಿರುವುದನ್ನು ನೋಡಲಾರದೆ ಪತ್ರಿಕೆ ಶುರುಮಾಡಿದರು. ಆ ಪತ್ರಿಕೆಯ ರೂಪ ಹೇಗಿತ್ತೆಂದರೆ, ಮೊದಲ ಸಲ ಕೈಗೆ ತೆಗೆದುಕೊಂಡವರು ಲಗ್ನಪತ್ರಿಕೆಯೆಂದು ತಿಳಿದು ವರನ ಹೆಸರು ಹುಡುಕುತ್ತಿದ್ದರು.

ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಮದ್ರಾಸಿನ ಇಂಗ್ಲಿಷ್ ಪತ್ರಿಕೆ ತರಿಸಿ ಓದುವವನು. ಅಚ್ಚಿನಲ್ಲಿ ಒಂದು ಗೀಟು ಸೊಟ್ಟಗಾದರೂ ನನಗೆ ಊಟ ಸೇರುತ್ತಿರಲಿಲ್ಲ. ಇದನ್ನು ಕೇಳಿ ತಿಳಿದಿದ್ದ ಸಾವುಕಾರರು ಒಂದು ದಿನ ನನ್ನನ್ನು ಗಾದಿಯ ಮೇಲೆ ಕೂಡಿಸಿಕೊಂಡು ಹೇಳಿದರು:

"ನೋಡ್ರಿ ಎಡಿಟರ, ಈ ಪೇಪರ್ ಯಾರೂ ಓದವಲ್ರು. ನಮ್ಮ ಮನಿಯಾಗs ಓದವಲ್ರು. ನೀವು ಇಂಗ್ಲಿಷ್ ಕಲ್ತೋರು, ಇದಕ್ಕೊಂದು ರೂಪ ಕೊಡ್ರಿ. ಯುಗಾದಿ ತನಕ ನೋಡ್ತೀನಿ. ಅಷ್ಟರಾಗ ಮಂದಿ ಇದಕ್ಕ ಆಸಿ ಪಟ್ಟು ಕೂಡಂಗಾದ್ರ ನಡೀಲಿ. ಇಲ್ಲಂದ್ರ ಪೇಪರ್ ಬಂದ್. ಅಂಡಿಗಿ ಚೀಟಿ ಹೊಡಕೋತ ಕೂಡೋಣು."

ಅಂಡಿಗೆ ಚೀಟಿಗೆ ಸಂಪಾದಕ ಬೇಕಾಗುವುದಿಲ್ಲ. ಹೀಗಾಗಿ ಪತ್ರಿಕೆಯ ಆಯುಷ್ಯ ಮತ್ತು ನನ್ನ ಕುರ್ಚಿಯ ಆಯುಷ್ಯ ಎರಡೂ ಯುಗಾದಿಗೆ ಬಂದು ನಿಂತವು. ಮರುದಿನವೇ ನಾನು ಸುಧಾರಣೆ ಆರಂಭಿಸಿದೆ.

೧. ದೇವರನ್ನು ಇಳಿಸಿದ್ದು

ಪತ್ರಿಕೆಯ ನೆತ್ತಿಯ ಮೇಲೆ ಒಂದು ಅಚ್ಚು ಇತ್ತು: ಶಿವಲಿಂಗ, ಎದುರಿಗೆ ನಂದಿ, ಸುತ್ತಲೂ ಬಿಲ್ವಪತ್ರೆ. ಮೊದಲ ಪುಟದ ಮೂರರಲ್ಲೊಂದು ಪಾಲನ್ನು ದೇವರೇ ನುಂಗಿಬಿಡುತ್ತಿದ್ದ. ನನಗೆ ದೇವರ ಮೇಲೆ ಭಕ್ತಿ ಕಡಿಮೆಯಿಲ್ಲ. ಆದರೆ ಸಮಾಚಾರ ಪತ್ರಿಕೆಗೂ ದೇವರ ಜಗಲಿಗೂ ವ್ಯತ್ಯಾಸ ಇರಬೇಕು ಎನ್ನುವುದು ನನ್ನ ತತ್ವ. ಅಚ್ಚನ್ನು ತೆಗೆದು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿ ಇಡಿಸಿದೆ. ಅಚ್ಚಿನ ಮೊಳೆ ಜೋಡಿಸುವ ಮೇಸ್ತ್ರಿ ಕೆನ್ನೆ ಕೆನ್ನೆ ಬಡಿದುಕೊಂಡು, "ನಂದೇನೂ ಇಲ್ಲಪಾ ಶಿವನೇ, ಎಲ್ಲಾ ಎಡಿಟರದು" ಎಂದು ಕಪಾಟಿಗೆ ಹೇಳಿದ.

ಆ ವಾರ ಪೇಟೆಗೆ ಕಳಿಸಿದ ಬಿಡಿ ಪ್ರತಿಗಳೆಲ್ಲ ಬೆಳಗಿನ ಹೊತ್ತಿಗೇ ಖರ್ಚಾದವು. ಇನ್ನೂ ಇದ್ದರೆ ಕೊಡಿರೆಂದು ಒಂದು ಉಗ್ಗಾಣಿ-ಬಜ್ಜಿ ಹೋಟೆಲಿನಿಂದ ಮಾಲೀಕನೇ ಬಂದು ನಿಂತ. ಸ್ವಚ್ಛವಾದ ಮುಖಪುಟಕ್ಕೆ ಇಷ್ಟು ಬೇಗ ಫಲ ಸಿಕ್ಕಿತಲ್ಲ ಎಂದುಕೊಂಡು, ಓದುಗರನ್ನು ಕಣ್ಣಾರೆ ನೋಡೋಣವೆಂದು ಅವನ ಹಿಂದೆಯೇ ಹೋದೆ.

ಹೋಟೆಲಿನಲ್ಲಿ ಎಲ್ಲರ ಕೈಯಲ್ಲೂ ನಮ್ಮ ಪತ್ರಿಕೆ ಇತ್ತು. ಎಲ್ಲರ ಪತ್ರಿಕೆಯಲ್ಲೂ ಮೆಣಸಿನಕಾಯಿ ಬಜ್ಜಿ ಇತ್ತು.

"ಮೊದಲು ಮ್ಯಾಲೆ ದೇವ್ರು ಇರ್ತಿದ್ದ ನೋಡ್ರಿ," ಎಂದ ಹೋಟೆಲಿನವ, ಕೃತಜ್ಞತೆಯಿಂದ. "ಅದ್ರಾಗ ಬಜ್ಜಿ ಹೆಂಗ ಕಟ್ಟೋದು? ತಿಂದು ಬಿಸಾಕಿದ್ರ ಕಾಲಾಗ ಬೀಳ್ತಿತ್ತು, ಪಾಪ ಸುತ್ತಿಕೊಳ್ತಿತ್ತು. ಈಗ ಭಾಳ ಅನುಕೂಲ ಮಾಡಿಕೊಟ್ರಿ."

ನಾನು ಗಂಟಲು ಸರಿಮಾಡಿಕೊಂಡು, "ಒಳಗೆ ಸುದ್ದಿಯೂ ಇದೆ" ಎಂದೆ.

"ಐತ್ರಿ, ನೋಡೀನಿ. ಅದನ್ನೂ ಒಂದಿಷ್ಟು ಕಡಿಮಿ ಮಾಡ್ರಿ. ಮಸಿ ಇಲ್ಲದ ಕಡಿ ಎಣ್ಣಿ ಚೊಲೋ ಹೀರ್ತೈತಿ."

೨. ಪೆದ್ದಹರಿವಾಣದಲ್ಲಿ ನಡೆದದ್ದೇನು?

ತಲೆಬರಹ ಎನ್ನುವುದು ನಮ್ಮ ಪತ್ರಿಕೆಯಲ್ಲಿ ಇರಲೇ ಇಲ್ಲ. ಒಂದು ಸುದ್ದಿ ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಸಲು ಮೇಸ್ತ್ರಿ ನಡುವೆ ಒಂದು ಹೂವಿನ ಚಿತ್ರ ಕೂಡಿಸುತ್ತಿದ್ದ. ನಾನು ದಪ್ಪ ಅಕ್ಷರದ ತಲೆಬರಹಗಳನ್ನು ತಂದೆ. ಅವನ್ನೇ ಒಂದು ಹಾಳೆಯಲ್ಲಿ ದೊಡ್ಡದಾಗಿ ಹೊಡೆಸಿ ಪ್ರೆಸ್ಸಿನ ಗೋಡೆಗೂ ಅಂಟಿಸಿದೆ. ಜನ ಗೋಡೆಯ ಮುಂದೆ ನಿಂತು ತಲೆಬರಹ ಓದಿ, "ಗೊತ್ತಾತು ಬಿಡು" ಎಂದು ಮುಂದೆ ಹೋಗತೊಡಗಿದರು. ಗೋಡೆಯಲ್ಲೇ ಗೊತ್ತಾದ ಮೇಲೆ ಪತ್ರಿಕೆ ಯಾಕೆ ಕೊಳ್ಳಬೇಕು?

ಹಾಗಾದರೆ ಗೋಡೆಯ ಮೇಲೆ ಗೊತ್ತಾಗಬಾರದು. ಆ ವಾರ ಹತ್ತಿರದ ಹಳ್ಳಿ ಪೆದ್ದಹರಿವಾಣಕ್ಕೆ ದನದ ಡಾಕ್ಟರು ಬಂದು ಎಮ್ಮೆ-ಎತ್ತುಗಳಿಗೆ ಸೂಜಿಮದ್ದು ಹಾಕಿ ಹೋಗಿದ್ದರು. ನಾನು ಬರೆದ ತಲೆಬರಹ: 'ಪೆದ್ದಹರಿವಾಣದಲ್ಲಿ ನಡೆದದ್ದೇನು?'

ಸಂತೆಯ ದಿನ ಪೆದ್ದಹರಿವಾಣದ ಗಾಡಿಗಳು ಪೇಟೆಗೆ ಹೋಗದೆ ನೇರ ಪ್ರೆಸ್ಸಿನ ಮುಂದೆ ಬಂದು ನಿಂತವು. ಮುಂದಿನ ಗಾಡಿಯಿಂದ ಇಳಿದ ಮುದುಕ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ.

"ಸಾಮಿ, ನಮ್ಮೂರಾಗ ಏನಾತ್ರಿ?"

"ಒಳಗೆ ವಿವರವಾಗಿ ಬರೆದಿದೆ" ಎಂದು ಒಂದು ಪ್ರತಿ ಕೊಟ್ಟೆ. ಅವರಲ್ಲಿ ಓದಲು ಬರುವವನೊಬ್ಬ ಅಲ್ಲೇ ನಿಂತು ಓದಿದ. ಮುದುಕ ಪೂರಾ ಕೇಳಿದ.

"ಇದು ನಮಗ ಗೊತ್ತೈತ್ರಿ. ಸೂಜಿ ಚುಚ್ಚುವಾಗ ಎಮ್ಮಿ ಹಿಡಕೊಂಡಾಂವ ನಾನs. ನಡೆದದ್ದು ಏನು, ಅದು ಹೇಳ್ರಿ."

"ಅದೇ ನಡೆದದ್ದು."

"ಎಮ್ಮಿಗೆ ಸೂಜಿ ಹಾಕಿದ್ದಕ್ಕ ಇಷ್ಟು ದೊಡ್ಡ ಅಕ್ಷರ ಹಾಕ್ತಾರೇನ್ರಿ?"

ಓದಿದವನು ಮುದುಕನ ತೋಳು ಹಿಡಿದು ಮೆತ್ತಗೆ ಎಳೆದ. "ತಾತಾ, ಬಿಡು. ಆಯನ ಚೆಪ್ಪಡು, ಹೇಳಾಂವಲ್ಲ. ಪೊಲೀಸ್ರು ಹೇಳಬ್ಯಾಡ ಅಂದಿರಬೇಕು."

ನಾನು ಎಷ್ಟು ಖಡಾಖಂಡಿತವಾಗಿ 'ಏನೂ ನಡೆದಿಲ್ಲ' ಎಂದೆನೋ ಅಷ್ಟೂ ಅವರ ಮುಖ ಸಣ್ಣದಾಯಿತು. ಮುದುಕ ಗಾಡಿ ಹತ್ತುತ್ತಾ ಉಳಿದವರಿಗೆ ಹೇಳಿದ ಮಾತು ನನಗೆ ಕೇಳಿಸಿತು: "ಇಷ್ಟು ಕೇಳಿದ್ರೂ ಬಾಯಿ ಬಿಡವಲ್ರು ಅಂದ್ರ, ಆದದ್ದು ಸಣ್ಣದಲ್ಲ ಬಿಡ್ರೋ. ಎಲ್ಲಾರೂ ಜ್ವಾಕಿ ಇರ್ರಿ."

೩. ನಾಲ್ಕು ಮೂಲೆಯ ಅರಿಷಿಣ

ಮಹತ್ವದ ಸುದ್ದಿಗೆ ಸುತ್ತಲೂ ದಪ್ಪ ಕಪ್ಪು ಗೀಟು ಹಾಕಿ ಚೌಕಟ್ಟು ಕಟ್ಟಿದರೆ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಆ ವಾರದ ಮಹತ್ವದ ಸುದ್ದಿ, ಸಾವುಕಾರರ ಗೆಳೆಯರಾದ ಹತ್ತಿ ದಲ್ಲಾಳಿಯೊಬ್ಬರ ಮಗಳಿಗೆ ನಡೆಯಲಿದ್ದ ಮದುವೆ. ಅದಕ್ಕೆ ಪೆಟ್ಟಿಗೆಯಲ್ಲಿದ್ದ ಅತ್ಯಂತ ದಪ್ಪ ಗೀಟನ್ನೇ ಆರಿಸಿ ಹಾಕಿಸಿದೆ.

ಪತ್ರಿಕೆ ಹೊರಬಿದ್ದ ಸ್ವಲ್ಪ ಹೊತ್ತಿಗೆ ಮದುಮಗಳ ಅಜ್ಜಿ ಪ್ರೆಸ್ಸಿಗೆ ಬಂದಳು. ವಿಭೂತಿ ಹಚ್ಚಿದ ಹಣೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಹರವಿ ಚೌಕಟ್ಟಿನ ಮೇಲೆ ಬೆರಳಿಟ್ಟಳು.

"ಏನಪಾ, ನಮ್ಮ ಹುಡುಗಿ ಏನಾರ ಸತ್ತಾಳೇನು?"

ಆಗ ನನಗೆ ನೆನಪಾಯಿತು, ನಮ್ಮ ಕಡೆ ಕಪ್ಪು ಅಂಚಿನ ಕಾಗದ ಮನೆಗೆ ಬಂದರೆ ಓದುವುದಕ್ಕಿಂತ ಮುಂಚೆ ಅಳುತ್ತಾರೆ. "ಅಜ್ಜಿ, ಅದು ಗೌರವಕ್ಕೆ. ಇಂಗ್ಲಿಷ್ ಪತ್ರಿಕೆಗಳಲ್ಲಿ..."

"ಇಂಗ್ಲಿಷ್‌ನೋರ ಮದುವಿಗೆ ಹಾಕ್ಕೋ. ಬೀಗರ ಮನಿಗೆ ಈ ಪೇಪರ್ ಹೋತಂದ್ರ ದಿಬ್ಬಣ ಅರ್ಧ ದಾರಿಯಾಗ ವಾಪಸ್ ಹೋಗ್ತೈತಿ. ಎಲ್ಲಿ ಅದಾವ ಉಳಿದ ಪೇಪರು?"

ಟಪಾಲಿಗೆ ಹಾಕಬೇಕಾದ ಕಟ್ಟುಗಳು ಮೂಲೆಯಲ್ಲಿದ್ದವು. ಅಜ್ಜಿ ಕಟ್ಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು, ಮನೆಯಿಂದ ಅರಿಷಿಣ ತರಿಸಿದಳು, ಕಲಸಿದಳು. ಲಗ್ನಪತ್ರಿಕೆಗೆ ಹಚ್ಚುವಂತೆ ಪ್ರತಿಯೊಂದು ಪತ್ರಿಕೆಯ ನಾಲ್ಕೂ ಮೂಲೆಗೆ ಹಚ್ಚಿದಳು. ಮೇಸ್ತ್ರಿಯನ್ನೂ ಕೂಡಿಸಿಕೊಂಡು ಹಚ್ಚಿಸಿದಳು. ನಾನು ಅಡ್ಡ ಬಂದಾಗ, "ನೀ ಒಣಗಾಕ ಹರವು" ಎಂದಳು. ಪೇಟೆಯ ಎಲ್ಲ ಪತ್ರಿಕೆಗಳಲ್ಲಿ ಅಚ್ಚು ಅತ್ಯಂತ ಶುದ್ಧವಾಗಿರುವ ಪತ್ರಿಕೆ ಎಂದು ನಾನು ಹೆಮ್ಮೆಪಡುತ್ತಿದ್ದ ಪತ್ರಿಕೆ, ಹಳದಿ ಬೆರಳಚ್ಚುಗಳೊಂದಿಗೆ ಟಪಾಲಿಗೆ ಹೋಯಿತು.

ಮದುವೆ ಸುಸೂತ್ರವಾಗಿ ಆಯಿತು. ನಾನು ಚೌಕಟ್ಟನ್ನು ಕೈಬಿಟ್ಟೆ. ಮುಂದಿನ ವಾರ ಪತ್ರಿಕೆ ಬೆಳ್ಳಗೆ, ಚೊಕ್ಕವಾಗಿ ಹೋಯಿತು. ಕೋಸಗಿಯ ಚಂದಾದಾರರೊಬ್ಬರಿಂದ ಅದು ಹಾಗೇ ವಾಪಸು ಬಂತು. ಟಪಾಲಿನವನಿಗೆ ಅವರು ಹೊಸ್ತಿಲಲ್ಲೇ ಹೇಳಿ ಕಳಿಸಿದ್ದರಂತೆ: "ಹೋದ ವಾರ ಅರಿಷಿಣ ಇತ್ತು, ಈ ವಾರ ಇಲ್ಲ. ಏನೋ ಕೆಟ್ಟದ್ದು ಬರದಾರ. ನಾವು ಒಳಗ ತಗೊಳ್ಳಂಗಿಲ್ಲ."

೪. ಗೌಡರ ಭಾವಚಿತ್ರ

ಯುಗಾದಿ ಹತ್ತಿರವಾಗುತ್ತಿತ್ತು. ಸಾವುಕಾರರು ಪ್ರೆಸ್ಸಿನ ಬಾಗಿಲಲ್ಲಿ ನಿಂತು ಅಂಡಿಗೆ ಚೀಟಿಯ ಮಾದರಿಗಳನ್ನು ನನಗೆ ಕಾಣುವಂತೆ ತಿರುವಿ ನೋಡುತ್ತಿದ್ದರು. ಚಿತ್ರ ಹಾಕದೆ ಗತಿಯಿಲ್ಲವೆಂದು ತೀರ್ಮಾನಿಸಿದೆ.

ಹೊಳಗುಂದದ ಕಡೆಯ ಒಬ್ಬ ಗೌಡರ ಎತ್ತಿನ ಜೋಡಿ ಬಂಡೆ ಎಳೆಯುವ ಪಂದ್ಯ ಗೆದ್ದಿತ್ತು. ಗೌಡರನ್ನು ಫೋಟೋ ತೆಗೆಸಿಕೊಳ್ಳಲು ಕರೆಸಿದೆ. ಅವರು ಎರಡೂ ಎತ್ತುಗಳಿಗೆ ಮೈ ತೊಳೆಸಿ, ಕೊಂಬಿಗೆ ಬಣ್ಣ ಬಳಿಸಿ, ಗೊಂಡೆ ಕಟ್ಟಿಸಿಕೊಂಡು ಬಂದರು. ತಾವು ಮಾತ್ರ ಹೊಲದಿಂದ ಬಂದ ಹಾಗೇ ಬಂದಿದ್ದರು. ಎತ್ತುಗಳು ಫೋಟೋ ಅಂಗಡಿಯ ಬಾಗಿಲಲ್ಲಿ ಹಿಡಿಸದೆ, ಬೀದಿಯಲ್ಲೇ ಗೌಡರನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದದ್ದಾಯಿತು.

ಪತ್ರಿಕೆಯಲ್ಲಿ ನಾನು ಉಳಿಸಿದ್ದ ಜಾಗ ಅಂಗೈಯಷ್ಟು. ಅದರಲ್ಲಿ ಮೂರು ಮುಖ ಕೂಡುವುದಿಲ್ಲ. ಸುದ್ದಿಯಲ್ಲಿ ಮನುಷ್ಯನೇ ಮುಖ್ಯ ಎನ್ನುವ ತತ್ವದ ಮೇಲೆ, ಗೌಡರ ಮುಖವಷ್ಟನ್ನೇ ಅಚ್ಚು ಮಾಡಿ ಕಳಿಸಿರೆಂದು ಮದ್ರಾಸಿನ ಬ್ಲಾಕು ಮಾಡುವವರಿಗೆ ಫೋಟೋ ಸಮೇತ ಬರೆದೆ. ಅವರು ಮುಖಕ್ಕೆ ಎಷ್ಟು ಒತ್ತಿ ಕತ್ತರಿಸಿದರೂ, ಬಲಗಡೆಯ ಎತ್ತಿನ ಕೊಂಬಿನ ತುದಿಯೊಂದು ಗೌಡರ ಕಿವಿಯ ಪಕ್ಕದಲ್ಲಿ ಗೊಂಡೆಯ ಸಮೇತ ಉಳಿದುಕೊಂಡಿತು. ಮನುಷ್ಯನ ಮುಖ ಸ್ಪಷ್ಟವಾಗಿತ್ತು. ಅದು ಸಾಕೆಂದು ಹಾಕಿಸಿದೆ.

ಪತ್ರಿಕೆ ಹೊರಟ ನಾಲ್ಕು ದಿನಕ್ಕೆ ಗೌಡರು ಬಂದರು. ಕೋಪವಿರಲಿಲ್ಲ, ಬಹಳ ದುಃಖದಲ್ಲಿದ್ದರು.

"ಚಾವಡ್ಯಾಗ ಪೇಪರ್ ಹಿಡಕೊಂಡು ಎಲ್ಲಾರಿಗೂ ತೋರಿಸಿದ್ನಿರಿ. ನೋಡಿದ ಕೂಡ್ಲೇ ಗುರ್ತು ಹಿಡದ್ರು. 'ಹಾಂ, ಇದು ಗೌಡ್ರ ಬಲಗಡಿ ಎತ್ತಿನ ಕೊಂಬು' ಅಂದ್ರು."

"ಮತ್ತೇನು?"

"'ಪಕ್ಕದಾಗ ನಿಂತಾಂವ ಯಾರು?' ಅಂತ ನನ್ನs ಕೇಳಿದ್ರು."

೫. ಹತ್ತಿ ಪೇಟೆಯ ಪಾರಾಯಣ

ಅಲ್ಲಿಯವರೆಗೆ ನಮ್ಮ ಪತ್ರಿಕೆಯ ಸಾಲುಗಳು ಪುಟದ ಎಡದ ಅಂಚಿನಿಂದ ಬಲದ ಅಂಚಿನವರೆಗೆ ಒಂದೇ ಸಮನೆ ಓಡುತ್ತಿದ್ದವು. ಯುಗಾದಿಯ ಹಿಂದಿನ ಸಂಚಿಕೆಗೆ ನನ್ನ ಕೊನೆಯ ಮತ್ತು ಎಲ್ಲಕ್ಕಿಂತ ದೊಡ್ಡ ಸುಧಾರಣೆಯನ್ನು ಇಟ್ಟುಕೊಂಡಿದ್ದೆ. ಪುಟವನ್ನು ಉದ್ದಕ್ಕೆ ಮೂರು ಕಾಲಂ ಮಾಡಿದೆ. ಸಣ್ಣ ಸಾಲು, ಕಣ್ಣಿಗೆ ಆಯಾಸವಿಲ್ಲ, ಮೂರು ಸುದ್ದಿ ಮಗ್ಗುಲು ಮಗ್ಗುಲಾಗಿ ಕೂತಿರುತ್ತವೆ. ಮೊದಲನೆಯ ಕಾಲಂನಲ್ಲಿ ಪುರಸಭೆಯ ಹೊಸ ನೀರಿನ ತೊಟ್ಟಿ. ನಡುವಿನದರಲ್ಲಿ ನಮ್ಮ ಸಾವುಕಾರರು ಶ್ರೀಶೈಲ ಯಾತ್ರೆ ಮುಗಿಸಿ ಬಂದದ್ದಕ್ಕೆ ಹತ್ತಿ ವರ್ತಕರು ಮಾಡಿದ ಸನ್ಮಾನ. ಮೂರನೆಯದರಲ್ಲಿ, ಹಗ್ಗ ಹರಿದುಕೊಂಡು ಪೇಟೆಯಲ್ಲಿ ತಿರುಗುತ್ತಿದ್ದ ಒಂದು ಕೋಣವನ್ನು ಹಿಡಿದು ದೊಡ್ಡಿಗೆ ಹಾಕಿದ ಪ್ರಕಟಣೆ.

ಸಾವುಕಾರರು ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿದರು. "ಚಂದ ಕಾಣ್ತೈತಿ. ಆದ್ರ ಚಂದ ನಾವು ಹೇಳಿದ್ರ ಆಗಂಗಿಲ್ಲ. ಹತ್ತಿ ಪೇಟಿ ಚಾ ಹೋಟೆಲಿನಾಗ ಗಾಡಿಯವ್ರು ಪೇಪರ್ ಓದಿಸಿ ಕೇಳ್ತಾರಂತ. ನಡ್ರಿ, ಬಾಗಿಲಾಗ ನಿಂತು ಕೇಳೋಣು. ಅವ್ರು ಎದ್ದು ಹೋದ್ರ, ಯುಗಾದಿಯಿಂದ ಅಂಡಿಗಿ ಚೀಟಿ."

ಇಬ್ಬರೂ ಹೋದೆವು. ನಮ್ಮ ಕಡೆ ಪತ್ರಿಕೆಯನ್ನು ಒಬ್ಬೊಬ್ಬರೇ ಬಾಯಿ ಮುಚ್ಚಿಕೊಂಡು ಓದುವ ಪದ್ಧತಿ ಇಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳಿಸುವಂತೆ, ಒಬ್ಬ ರಾಗವಾಗಿ ಒಂದು ಸಾಲು ಓದಬೇಕು, ನಿಲ್ಲಿಸಬೇಕು, ಇನ್ನೊಬ್ಬ ಅದರ ಅರ್ಥ ಹೇಳಬೇಕು, ಉಳಿದವರು ಹೂಂಗುಡಬೇಕು. ಆ ಹೋಟೆಲಿನಲ್ಲಿ ಓದುವವನು ಪೇಟೆಯ ದರ್ಜಿ. ಅರ್ಥ ಹೇಳುವವನು ಹತ್ತಿ ತೂಗುವ ತಾತ. ನಾವು ಬಾಗಿಲಿಗೆ ಬರುವ ಹೊತ್ತಿಗೆ ದರ್ಜಿ ಕನ್ನಡಕ ಏರಿಸಿ ಹೊಸ ಸಂಚಿಕೆ ಬಿಡಿಸಿದ್ದ. ಹುಟ್ಟಿದಾಗಿನಿಂದ ಪುರಾಣದ ಪುಸ್ತಕ ಓದಿದವನು. ಅವನ ಪಾಲಿಗೆ ಸಾಲೆಂದರೆ ಎಡದ ಅಂಚಿನಲ್ಲಿ ಹುಟ್ಟಿ ಬಲದ ಅಂಚಿನಲ್ಲಿ ಸಾಯಬೇಕು. ನಡುವೆ ನಾನು ಎಳೆಸಿದ್ದ ಎರಡು ಗೀಟುಗಳನ್ನು ಅವನು ಅಲಂಕಾರವೆಂದು ತಿಳಿದ. ಗೀಟು ದಾಟಿ ಅಡ್ಡಕ್ಕೆ ಓದಿದ:

"ಹೊಸದಾಗಿ ಕಟ್ಟಿಸಿದ ನೀರಿನ ತೊಟ್ಟಿಯಲ್ಲಿ... ನಮ್ಮ ಪತ್ರಿಕೆಯ ಮಾಲೀಕರಾದ ಸಾವುಕಾರರು... ಹಗ್ಗ ಹರಿದುಕೊಂಡು ತಿರುಗುತ್ತಿದ್ದು..."

ನನ್ನ ಪಕ್ಕದಲ್ಲಿ ಸಾವುಕಾರರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಒಳಗೆ ಎಲ್ಲರೂ "ಹೂಂ" ಎಂದರು.

"ಮುತ್ತೈದೆಯರು ಪೂಜೆ ಮಾಡಿದ ನಂತರ... ಶ್ರೀಶೈಲ ಯಾತ್ರೆ ಮುಗಿಸಿ ಬಂದ ಪ್ರಯುಕ್ತ... ಹಿಡಿದು ದೊಡ್ಡಿಗೆ ಹಾಕಲಾಗಿದೆ."

"ಹೂಂ."

"ದಿನಕ್ಕೆರಡು ಸಲ ನೀರು ಬಿಡಲಾಗುವುದು... ಹತ್ತಿ ವರ್ತಕರು ಅವರಿಗೆ ಹಾರ ಹಾಕಿ... ಗುರುತು ಹೇಳಿ ಬಿಡಿಸಿಕೊಂಡು ಹೋಗತಕ್ಕದ್ದು."

ದರ್ಜಿ ಪತ್ರಿಕೆ ಮಡಿಸಿ ತೊಡೆಯ ಮೇಲಿಟ್ಟು ತಾತನ ಕಡೆ ನೋಡಿದ. ಹೋಟೆಲೆಲ್ಲ ತಾತನ ಕಡೆ ನೋಡಿತು. ಯಾರೂ ನಗಲಿಲ್ಲ. ತಾತ ಚಹಾ ಬಸಿ ಕೆಳಗಿಟ್ಟು ಕಣ್ಣು ಮುಚ್ಚಿದ.

"ಅರ್ಥ ಏನಪಾ ಅಂದ್ರ, ಸಾವುಕಾರ್ರಿಗೆ ವೈರಾಗ್ಯ ಬಂದೈತಿ. ಹಗ್ಗ ಅಂದ್ರ ಯಾವುದು? ಸಂಸಾರದ ಹಗ್ಗ. ಅದನ್ನ ಹರಕೊಂಡಾರ. ಶ್ರೀಶೈಲದ ಮಲ್ಲಯ್ಯನ ದರ್ಶನ ಆದ ಮ್ಯಾಲೆ ಹಗ್ಗ ಎಲ್ಲಿ ನಿಂದರ್ತೈತಿ?"

"ನಿಂದರಂಗಿಲ್ಲ" ಎಂದರು ಗಾಡಿಯವರು.

"ದೊಡ್ಡಿ ಅಂದ್ರ ಈ ದೇಹ. ಜೀವ ಅನ್ನೋದನ್ನ ಇದ್ರಾಗ ಕೂಡಿ ಹಾಕ್ಯಾರ. ಬಿಡಿಸೋರು ಯಾರು? ಗುರುತು ಹೇಳಾಂವ. ಅಂವನs ಗುರು."

"ತಾತಾ, ಮತ್ತ ಎರಡು ಸಲ ನೀರು?"

"ಎರಡು ಹೊತ್ತು ಸ್ನಾನ, ಎರಡು ಹೊತ್ತು ಲಿಂಗಪೂಜಿ. ಅಷ್ಟೂ ತಿಳಿಯವಲ್ದೇನಲೇ?"

"ನಿಜಂ, ನಿಜಂ," ಎಂದ ಒಬ್ಬ. "ಮಳ್ಳೀ ಚದುವಯ್ಯಾ, ಇನ್ನೊಂದ್ಸಲ ಓದು."

ಅಷ್ಟರಲ್ಲಿ ಯಾರೋ ಬಾಗಿಲ ಕಡೆ ತಿರುಗಿದರು. ಸಾವುಕಾರರನ್ನು ಕಂಡು ಇಡೀ ಹೋಟೆಲು ದಡಬಡಿಸಿ ಎದ್ದು ನಿಂತಿತು. ಇನ್ನು ಪತ್ರಿಕೆಯ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಎದ್ದದ್ದು ಹೆದರಿ ಅಲ್ಲ. ಒಬ್ಬೊಬ್ಬರೂ ಕೈ ಮುಗಿದರು. ಒಬ್ಬ ಗಾಡಿಯವನು ಬಂದು ಕಾಲು ಮುಟ್ಟಿಯೇ ಬಿಟ್ಟ. ಇನ್ನೊಬ್ಬ, "ಸಾವುಕಾರ್ರ, ವೈರಾಗ್ಯ ಬಂದ ಮ್ಯಾಲೆ ತೂಕದಾಗ ಕಡತ ಅಂತ ಒಂದಿಷ್ಟು ಹತ್ತಿ ಮುರಕೊಳ್ಳಂಗಿಲ್ಲಲ್ರಿ?" ಎಂದು ಬಹಳ ವಿನಯದಿಂದ ಕೇಳಿದ. ಸಾವುಕಾರರು ಕೈ ಎತ್ತಿ ಆಶೀರ್ವಾದ ಮಾಡಿದರು.

ನಾನು ತಪ್ಪನ್ನು ತಪ್ಪೆಂದು ಹೇಳದೆ ಬಿಡುವವನಲ್ಲ. ಒಳಗೆ ಹೋಗಿ ದರ್ಜಿಯ ಕೈಯಿಂದ ಪತ್ರಿಕೆ ತೆಗೆದುಕೊಂಡು, ಗೀಟಿನ ಮೇಲೆ ಬೆರಳಾಡಿಸಿ ತೋರಿಸಿದೆ. "ಇದು ಗೋಡೆ ಇದ್ದ ಹಾಗೆ. ಇದನ್ನು ದಾಟಬಾರದು. ಮೇಲಿನಿಂದ ಕೆಳಕ್ಕೆ ಓದಬೇಕು. ಇಲ್ಲಿ ಮೂರು ಬೇರೆ ಬೇರೆ ಸುದ್ದಿಗಳಿವೆ."

ದರ್ಜಿ ವಿಧೇಯನಾಗಿ ಮೇಲಿನಿಂದ ಕೆಳಕ್ಕೆ ಓದಿದ. ತೊಟ್ಟಿಗೆ ಪೂಜೆ ಮಾಡಿ ನೀರು ಬಿಡುತ್ತಾರೆ. ಸಾವುಕಾರರಿಗೆ ಹಾರ ಹಾಕಿದರು. ಕೋಣವನ್ನು ದೊಡ್ಡಿಗೆ ಹಾಕಿದ್ದಾರೆ. ಮುಗಿಯಿತು. ಅರ್ಥ ಹೇಳಲು ತಾತನಿಗೆ ಏನೂ ಉಳಿಯಲಿಲ್ಲ. ಗಾಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನವನು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಹಿಂದಿನವರು ಗಾಡಿ ಹೂಡುವ ಮಾತಾಡುತ್ತಾ ಬಾಗಿಲಿಗೆ ನಡೆದರು.

"ಇಷ್ಟs ಏನು?" ಎಂದ ತಾತ, ನನ್ನ ಕಡೆ ಅಯ್ಯೋ ಪಾಪ ಎಂಬಂತೆ ನೋಡುತ್ತಾ. "ಎಡಿಟರ, ನಿಮಗ ಓದಾಕ ಬರವಲ್ದು ಬಿಡ್ರಿ."

ಬಾಗಿಲಲ್ಲಿದ್ದ ಸಾವುಕಾರರು ಎರಡೂ ತೋಳು ಚಾಚಿ ಹೊರಡುವವರನ್ನು ತಡೆದರು. ನನ್ನ ಕೈಯಿಂದ ಪತ್ರಿಕೆ ಕಸಿದುಕೊಂಡು ದರ್ಜಿಗೆ ತಾವೇ ಕೊಟ್ಟರು.

"ನೀ ಅಡ್ಡಕ್ಕs ಓದಪಾ. ಕೂಡ್ರಿ, ಎಲ್ಲಾರೂ ಕೂಡ್ರಿ. ಎಲ್ಲಾರಿಗೂ ಚಾ ಕೊಡ್ರಿ, ನಂದು." ಜನ ಮತ್ತೆ ಕೂತರು. ಹೊರಗೆ ಗಾಡಿಯಲ್ಲಿದ್ದವರೂ ಇಳಿದು ಬಂದು ಕಿಟಕಿಯಲ್ಲಿ ಜೋತುಬಿದ್ದರು. ದರ್ಜಿ ಕನ್ನಡಕ ಏರಿಸಿದ. ಸಾವುಕಾರರು ಅಷ್ಟೂ ಮಂದಿಯನ್ನು ಕಣ್ತುಂಬ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಯುಗಾದಿಗೆ ಪೇಪರ್ ಬಂದ್ ಮಾಡಂಗಿಲ್ರಿ, ನಡೀಲಿ. ಆದ್ರ ಒಂದು ಮಾತು. ಮೂರು ಕಾಲಂಗೆ ಇಷ್ಟು ಮಂದಿ ಕೂಡ್ಯಾರ. ಬರೋ ವಾರ ನಾಕು ಹಾಕ್ರಿ."